ಅತ್ತೆಯ ಬಗ್ಗೆ ಕೇಳದ ಪಟ್ಟಿ

ಪಟ್ಟಿಯಲ್ಲಿ ಹದಿಮೂರು ಪ್ರಶ್ನೆಗಳಿದ್ದವು. ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ, ದುಂಡನೆಯ ಅಕ್ಷರ, ಪ್ರತಿ ಪ್ರಶ್ನೆಯ ಕೆಳಗೆ ಉತ್ತರ ಬರೆಯಲು ಮೂರು ಸಾಲಿನ ಜಾಗ. ಮದುವೆಗೆ ಮುಂಚೆ ವರನ ಬಗ್ಗೆ ವಿಚಾರಿಸಿ ವರದಿ ಕೊಡುವುದು ನನ್ನ ಕೆಲಸ. ಹೈದರಾಬಾದಿನ ಕೋಠಿಯಲ್ಲಿ ಔಷಧದ ಅಂಗಡಿಯ ಮೇಲಿರುವ ನನ್ನ ಕೋಣೆಗೆ ಬರುವ ಹೆಣ್ಣಿನ ಕಡೆಯವರು ಅರ್ಧ ಗಂಟೆ ಅಳುತ್ತಾರೆ, ಇನ್ನರ್ಧ ಗಂಟೆ ಬೀಗರಾಗಬೇಕಾದವರನ್ನು ಬೈಯುತ್ತಾರೆ. ಏನನ್ನು ವಿಚಾರಿಸಬೇಕು ಎಂಬುದನ್ನು ಕೊನೆಗೆ ನಾನೇ ಊಹಿಸಿಕೊಳ್ಳಬೇಕು. ಇಷ್ಟು ಒಪ್ಪವಾಗಿ ಬರೆದು ತಂದವಳು ಇವಳೇ ಮೊದಲು. ಓದಿ ಭಲೇ ಅಂದುಕೊಂಡೆ. ಅನುಮಾನ ಪಡಬೇಕಿತ್ತು, ಪಡಲಿಲ್ಲ.

ಹುಡುಗಿಗೆ ಇಪ್ಪತ್ತೇಳು ವರ್ಷ. ತಾರ್ನಾಕದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಅಪ್ಪ ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು. ಅಜ್ಜನ ಕಾಲಕ್ಕೆ ಕಲಬುರಗಿಯಿಂದ ಬಂದ ಮನೆತನ, ನಮ್ಮದರ ಹಾಗೆಯೇ. ಹುಡುಗ ಬೀದರ ಕಡೆಯವನು, ನಗರದ ಅಂಚಿನ ರಕ್ಷಣಾ ಪ್ರಯೋಗಾಲಯವೊಂದರಲ್ಲಿ ಎಂಜಿನಿಯರ್. ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಉಳುಕಿಸಿಕೊಂಡು ಇವಳ ಹತ್ತಿರ ಬಂದಿದ್ದ. ಹದಿನೈದು ದಿನದಲ್ಲಿ ನೆಟ್ಟಗಾದ ಮಣಿಕಟ್ಟಿಗೆ ಮೂರು ತಿಂಗಳು ಚಿಕಿತ್ಸೆ ತೆಗೆದುಕೊಂಡನಂತೆ. ಇದನ್ನು ಹೇಳುವಾಗ ಹುಡುಗಿ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಎರಡೂ ಮನೆಯವರು ಒಪ್ಪಿ ನಿಶ್ಚಯದ ದಿನ ಗೊತ್ತುಮಾಡಿದ್ದರು. ಅದಕ್ಕೆ ಇನ್ನು ಐದು ವಾರವಿತ್ತು.

ಅಷ್ಟರಲ್ಲಿ ಗಡಿಯಲ್ಲಿ ಯುದ್ಧ ಶುರುವಾಗಿತ್ತು. ನಮ್ಮ ನಗರದಲ್ಲೂ ಅಭ್ಯಾಸಕ್ಕೆಂದು ಸೈರನ್ ಊದಿಸಿದರು. ಕೋಠಿಯ ವ್ಯಾಪಾರಿಗಳು ಷಟರ್ ಎಳೆದು ಒಳಗೆ ಕುಳಿತು ಚಹಾ ಕುಡಿದರು. ಅದೇ ದಿನ ಹುಡುಗನ ಫೋನು ಬಂದ್ ಆಯಿತು. ನಾಲ್ಕು ದಿನ ಪತ್ತೆಯಿಲ್ಲ. ಐದನೆಯ ದಿನ ಬಂದು, ಅವ್ವನಿಗೆ ಬಿಪಿ ಏರಿತ್ತು, ಬೀದರಿಗೆ ಹೋಗಿದ್ದೆ ಅಂದ. ಆದರೆ ಹುಡುಗಿ ಎರಡನೆಯ ದಿನವೇ ಗಾಬರಿಯಾಗಿ ಬೀದರಿಗೆ ಫೋನು ಮಾಡಿದ್ದಳು. ಅವನ ಅವ್ವ ಗಟ್ಟಿಮುಟ್ಟಾಗಿದ್ದರು. ಮಗ ಯಾಕೆ ಫೋನು ಎತ್ತುತ್ತಿಲ್ಲ ಎಂದು ಇವಳನ್ನೇ ಕೇಳಿದ್ದರು.

"ಸುಳ್ಳ ಹೇಳಿದ್ದಕ್ಕ ಅಲ್ರಿ ಅಕ್ಕಾರ," ಅಂದಳು ಹುಡುಗಿ. "ಅವ್ವಗ ಆರಾಮ ಇಲ್ಲಂತ ಸುಳ್ಳ ಹೇಳ್ಯಾನಲ್ರಿ. ಅಂಥಾ ಸುಳ್ಳ ಹೇಳಾವ ಇನ್ನೇನ ಮುಚ್ಚಿಟ್ಟಾನೋ."

"ಬ್ಯಾರೆ ಯಾರರ ಅದಾರಂತ ಅನಸ್ತೈತೇನು?"

"ಕೆಲಸದಾಗ ಇದ್ದಾಗ ಅನಸೂದಿಲ್ರಿ. ಮನಿಗೆ ಹೋಗಿ ಕುಂತಮ್ಯಾಲ ಅನಸ್ತೈತಿ." ಪಟ್ಟಿಯನ್ನು ನನ್ನತ್ತ ಸರಿಸಿ, "ನಿಮ್ಮ ವರದಿ ಛಲೋ ಬಂದ್ರ ನಿಶ್ಚಯ ಮಾಡ್ಕೋತೀನಿ, ಇಲ್ಲಂದ್ರ ಬಿಟ್ಟಬಿಡ್ತೀನ್ರಿ. ಅನುಮಾನ ಇಟಗೊಂಡು ಮದವಿ ಆಗೂದಿಲ್ಲ," ಅಂದಳು.

ಪಟ್ಟಿಯನ್ನು ಫೈಲಿಗೆ ಸೇರಿಸಿ, ಮರುದಿನವೇ ಕೆಲಸ ಹಿಡಿದೆ.

ಈ ಕೆಲಸದಲ್ಲಿ ನಾನು ವೇಷ ಹಾಕುವುದಿಲ್ಲ, ಕದ್ದು ಹಿಂಬಾಲಿಸುವುದಿಲ್ಲ. ಬಾಗಿಲು ಬಡಿದು, ಸಂಬಂಧದ ವಿಚಾರಣೆಗೆ ಬಂದಿದ್ದೇನೆ ಎಂದು ನೇರವಾಗಿ ಹೇಳುತ್ತೇನೆ. ಅಷ್ಟು ಸಾಕು. ಸಂಬಂಧ ಕೇಳಲು ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವ ರೂಢಿ ನಮ್ಮವರಲ್ಲಿಲ್ಲ. ಹೈದರಾಬಾದಿನ ತೆಲುಗರಲ್ಲೂ ಇಲ್ಲ, ಮುಸಲ್ಮಾನರಲ್ಲೂ ಇಲ್ಲ. ಹೆಣ್ಣುಮಗಳ ಬಾಳಿನ ಪ್ರಶ್ನೆ ಎಂದು ಮೊದಲು ನೀರು ಕೊಡುತ್ತಾರೆ, ಆಮೇಲೆ ಚಹಾ, ಆಮೇಲೆ ಪೊಲೀಸರು ಕೇಳಿದರೂ ಹೇಳದ್ದನ್ನೆಲ್ಲ ಹೇಳುತ್ತಾರೆ. ನನ್ನ ನಿಯಮ ಒಂದೇ: ಒಬ್ಬರು ಹೇಳಿದ್ದನ್ನು ಅವರನ್ನು ಅರಿಯದ ಇನ್ನೊಬ್ಬರು ಹೇಳುವ ತನಕ ಅದನ್ನು ವರದಿಗೆ ಸೇರಿಸುವುದಿಲ್ಲ.

ಹುಡುಗ ಬಾಡಿಗೆಗಿದ್ದ ಮನೆಯ ಮಾಲಕಿ ತೆಲುಗು ಹೆಂಗಸು. "ಪೆಳ್ಳಿ ಸಂಬಂಧಮಾ? ಕೂರ್ಚೋ ಅಮ್ಮಾ," ಎಂದು ಮದುವೆಯ ಮಾತು ಕೇಳಿದ್ದೇ ತಡ ಕುರ್ಚಿ ಎಳೆದರು. ಹುಡುಗ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗುತ್ತಾನೆ, ಯಾವ ದಿನಗಳಲ್ಲಿ ಬರಲಿಲ್ಲ, ಅವನನ್ನು ಕರೆದೊಯ್ಯಲು ಯಾರು ಬರುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ರಸ್ತೆಯ ತಿರುವಿನ ಇಸ್ತ್ರಿ ಅಂಗಡಿಯವನು ಇನ್ನೂ ಜಾಣ. ಬಟ್ಟೆ ಬಂದ ದಿನ, ಬಾರದ ದಿನ, ಒಮ್ಮೆಲೇ ಎಂಟು ಅಂಗಿ ಬಂದ ದಿನ, ಇಷ್ಟರಿಂದಲೇ ಅವನು ಗಿರಾಕಿಗಳ ಬದುಕನ್ನು ಹೇಳಬಲ್ಲ. ಕಿರಾಣಿ ಅಂಗಡಿಯ ಮುಂದೆ ಎರಡು ಬೆಳಗು ನಿಂತು ಉಳಿದದ್ದನ್ನು ಕಣ್ಣಾರೆ ನೋಡಿದೆ. ಆರು ದಿನದಲ್ಲಿ ಹದಿಮೂರರ ಪೈಕಿ ಹನ್ನೊಂದು ಪ್ರಶ್ನೆಗೆ ಉತ್ತರ ನನ್ನ ಟಿಪ್ಪಣಿ ಪುಸ್ತಕ ಸೇರಿತು. ಆ ಹನ್ನೊಂದು ಉತ್ತರಗಳನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಸ್ವಲ್ಪದರಲ್ಲೇ ತಿಳಿಯುತ್ತದೆ. ಬೇರೆ ಹೆಂಗಸಿನ ಸುಳಿವಂತೂ ಎಲ್ಲೂ ಸಿಗಲಿಲ್ಲ. ಮಾಲಕಿಯೂ ಇಸ್ತ್ರಿಯವನೂ ಬಲ್ಲ ಹೆಣ್ಣು ಒಬ್ಬಳೇ, ಕೈನೋವಿನ ಡಾಕ್ಟರಮ್ಮ.

ನನ್ನ ಬಗ್ಗೆ ನನಗೆ ಆಗ ಎಷ್ಟು ಹೆಮ್ಮೆಯಾಗಿತ್ತು ಎಂದರೆ ವರದಿ ಬರೆಯುವ ದಿನ ಎರಡು ಮಿರ್ಚಿ ಬಜ್ಜಿ ತರಿಸಿಕೊಂಡು ಕುಳಿತೆ.

ವರದಿಗೆ ನನ್ನದೇ ಒಂದು ಕ್ರಮವಿದೆ. ಮೊದಲ ಭಾಗ ಮನೆ ಮತ್ತು ಅತ್ತೆ. ಎರಡನೆಯದು ಸಂಬಳ, ಆಸ್ತಿ, ಸಾಲ. ಮೂರನೆಯದು ಚಟ, ಸಿಟ್ಟು, ಸ್ನೇಹಿತರು. ಕೊನೆಯದು ಹೆಣ್ಣಿನ ಕಡೆಯವರು ವಿಶೇಷವಾಗಿ ಕೇಳಿದ್ದು. ಮೊದಲ ಭಾಗದ ತಲೆಬರಹ ಬರೆದು ಪಟ್ಟಿಯನ್ನು ತಿರುವಿದೆ. ಅತ್ತೆಯ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಸಂಬಳದ ಬಗ್ಗೆ ಇರಲಿಲ್ಲ. ಕುಡಿಯುತ್ತಾನೆಯೇ, ತಂಗಿಯ ಮದುವೆ ಆಗಿದೆಯೇ, ಬೀದರದ ಮನೆ ಸ್ವಂತದ್ದೇ, ಯಾವುದೂ ಇಲ್ಲ. ಇದ್ದದ್ದು ಇವು: ಎಷ್ಟು ಗಂಟೆಗೆ ಹೊರಡುತ್ತಾನೆ, ವಾಹನ ಎಲ್ಲಿ ನಿಲ್ಲುತ್ತದೆ, ಜೊತೆಗೆ ಹೋಗುವವರು ಯಾರು, ಫೋನನ್ನು ಎಲ್ಲಿ ಬಿಟ್ಟು ಹೋಗುತ್ತಾನೆ, ಕಾಗದಪತ್ರ ಮನೆಗೆ ತರುತ್ತಾನೆಯೇ.

ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ಅತ್ತೆ ಹೇಗೆ ಎಂದು ಕೇಳದ ಹುಡುಗಿಯನ್ನು ನಾನು ಇದುವರೆಗೆ ನೋಡಿಲ್ಲ. ಪ್ರೀತಿಸಿದವಳು ಸಂಬಳ ಕೇಳದಿರಬಹುದು, ಅತ್ತೆಯನ್ನು ಕೇಳದೆ ಬಿಡಳು. ಬಜ್ಜಿ ಹಾಗೇ ಆರಿತು. ಹುಡುಗಿಗೆ ಫೋನು ಹಚ್ಚಿದೆ.

"ಈ ಪಟ್ಟಿ ಯಾರ ಬರದಿದ್ದು ತಂಗಿ?"

"ನಾನ ಬರದೀನ್ರಿ."

"ಅಕ್ಷರ ನಿಂದು. ಪ್ರಶ್ನಾ ಯಾರವು?"

ಅವಳು ತಡೆಯಲಿಲ್ಲ, ಹೇಳಿಬಿಟ್ಟಳು. ಕ್ಲಿನಿಕ್ಕಿಗೆ ಭುಜನೋವಿಗೆಂದು ಒಬ್ಬ ಹೆಂಗಸು ಬರುತ್ತಿದ್ದರು, ನಮ್ಮ ಕಡೆಯ ಮಾತಲ್ಲಿ ಬಾಯಿ. ಐವತ್ತರ ಆಚೀಚೆ, ಕಲಬುರಗಿಯವರು, ತಾಯಿಯಂತೆ ಮಾತಾಡಿಸುವವರು. ಹುಡುಗ ಸುಳ್ಳು ಹೇಳಿದ ಮರುದಿನ ಇವಳ ಮುಖ ನೋಡಿ ಯಾಕವ್ವ ಎಂದು ಕೇಳಿದ್ದರು, ಇವಳು ಎಲ್ಲ ಹೇಳಿಕೊಂಡಿದ್ದಳು. ತನ್ನ ಮಗಳಿಗೂ ಇಂಥದ್ದೇ ಮೋಸವಾಗಿತ್ತು ಎಂದು ಆ ಬಾಯಿ ಕಣ್ಣೀರು ಹಾಕಿ, ಏನೇನು ವಿಚಾರಿಸಬೇಕು ಎಂದು ಕುಳಿತು ಹೇಳಿ ಬರೆಸಿದ್ದರು. ಕೋಠಿಯಲ್ಲಿ ಇಂಥ ಕೆಲಸದವರೊಬ್ಬರಿದ್ದಾರಂತೆ, ಕೇಳಿ ಗೊತ್ತು, ನೋಡಿಲ್ಲ ಎಂದವರೂ ಅವರೇ.

"ವರದಿ ಬಂದಮ್ಯಾಲ ತಂದು ತೋರಸು, ನಾ ನೋಡಿ ಹೇಳ್ತೀನಿ ಅಂದಾರ್ರಿ," ಅಂದಳು. "ನಮ್ಮ ಕಡೀಯವರಲ್ರಿ ಅಕ್ಕಾರ, ಅದಕ್ಕ ಹೇಳಿಕೊಂಡೆ."

ಅವಳನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಈ ಊರಲ್ಲಿ ಹೊರಗೆಲ್ಲ ತೆಲುಗು, ಹಿಂದಿ ಮಾತಾಡಿ ಬದುಕುವ ನಾವು, ಬಸ್ಸಿನಲ್ಲಿ ಯಾರಾದರೂ "ಹ್ಯಾಂಗದೀರಿ" ಅಂದರೆ ಸಾಕು, ಮನೆಯ ಕೀಲಿಕೈ ಕೊಡುವುದೊಂದು ಬಿಟ್ಟು ಎಲ್ಲವನ್ನೂ ಕೊಡುತ್ತೇವೆ. ನಾನೂ ಕೊಟ್ಟಿದ್ದೇನೆ.

ವೇಷ ಹಾಕದ ನಾನು ಮರುದಿನ ಕುತ್ತಿಗೆ ಹಿಡಿದಿದೆ ಎಂದು ಹೆಸರು ಬರೆಸಿ, ತಾರ್ನಾಕದ ಕ್ಲಿನಿಕ್ಕಿನ ಬೆಂಚಿನ ಮೇಲೆ ಹುಡುಗಿ ಗುರುತು ಹೇಳಿದ್ದ ಆ ಬಾಯಿಯ ಪಕ್ಕದಲ್ಲೇ ಕುಳಿತೆ. ಹತ್ತಿಯ ಸೀರೆ, ಕೈಯಲ್ಲಿ ಬಟ್ಟೆಯ ಚೀಲ, ನಗುಮುಖ.

"ಯಾವೂರ್ರಿ ಅಕ್ಕಾರ ನಿಮ್ಮದು?" ಅಂದೆ.

"ಕಲಬುರಗಿ ರೀ."

"ತವರಮನಿ?"

"ಸೋಲಾಪುರ ಕಡೆ ರೀ."

ಮಾತಿನಲ್ಲಿ ಒಂದು ಕೂದಲಿನಷ್ಟೂ ದೋಷವಿಲ್ಲ. ನಾನು ನನ್ನ ಕುತ್ತಿಗೆಯ ಕಥೆ ಹೇಳಿದೆ, ಗಂಡ ತೀರಿಕೊಂಡದ್ದು ಹೇಳಿದೆ, ಕಲಬುರಗಿಯಲ್ಲಿ ನಮ್ಮ ಅಜ್ಜನ ಮನೆಯಿದ್ದ ಓಣಿಯ ಹೆಸರನ್ನೂ ಹೇಳಿದೆ. ಅರ್ಧ ಗಂಟೆ ಅವರು ಹೂಂಗುಟ್ಟಿದರು, ಅಯ್ಯೋ ಪಾಪ ಅಂದರು. ಆದರೆ ನನ್ನನ್ನು ಏನೂ ಕೇಳಲಿಲ್ಲ. ಕಲಬುರಗಿಯ ಹೆಂಗಸಿಗೆ ಪರವೂರಿನ ಬೆಂಚಿನ ಮೇಲೆ ತನ್ನ ಮಾತಿನವಳು ಸಿಕ್ಕರೆ ನಾಲ್ಕನೆಯ ಮಾತಿಗೆ ಮನೆತನದ ಅಡ್ಡಹೆಸರು ಕೇಳುತ್ತಾಳೆ, ಆರನೆಯದಕ್ಕೆ ನೆಂಟಸ್ತನ ಹುಡುಕುತ್ತಾಳೆ, ಏಳುವ ಹೊತ್ತಿಗೆ ನನ್ನ ಅತ್ತಿಗೆಯ ತಂಗಿ ಅವಳ ಸೋದರತ್ತೆಯ ಸೊಸೆಯಾಗಿರುತ್ತಾಳೆ. ಈ ಬಾಯಿಗೆ ನನ್ನ ಹೆಸರೂ ಬೇಕಾಗಿರಲಿಲ್ಲ.

ಆದರೂ ಒಬ್ಬರ ಮೌನದ ಮೇಲೆ ತೀರ್ಪು ಕೊಡುವುದು ನನ್ನ ಪದ್ಧತಿಯಲ್ಲ. ದುಃಖದಲ್ಲಿರುವವರೂ ಕೇಳುವುದಿಲ್ಲ. ನನ್ನ ಸರದಿ ಬಂದು ಒಳಗೆ ಹೋದಾಗ ಹುಡುಗಿಯನ್ನು ಕೇಳಿದೆ, "ಆ ಬಾಯಿ ಭುಜ ಹ್ಯಾಂಗೈತಿ?"

"ಅದ ತಿಳಿವಲ್ದ್ರಿ. ಮೂರ ವಾರ ಆತು, ಹೆಚ್ಚೂ ಇಲ್ಲ, ಕಡಿಮೀನೂ ಇಲ್ಲ. ಒಮ್ಮೆ ಮುಂದ ನೋವಂತಾರ, ಒಮ್ಮೆ ಹಿಂದ. ಕೈ ಎತ್ರಿ ಅಂದ್ರ ಇಲ್ಲಿಗೆ ನಿಲ್ಲಸ್ತಾರ." ಕೈಯನ್ನು ಎದೆಯ ಮಟ್ಟಕ್ಕೆ ತಂದು ತೋರಿಸಿದಳು. "ಆದ್ರ ಮಾತಿನಾಗ ಇದ್ದಾಗ ಗೂಟಕ್ಕ ಹಾಕಿದ ಚೀಲ ಅದ ಕೈಲೆ ಇಳಸ್ಕೋತಾರ. ನನಗ ಕೆಲಸ ಬರೂದಿಲ್ಲೇನಂತ ಅಂದ್ಕೊಂಡಿದ್ದೆ."

ಅಲ್ಲಿಗೆ ನನಗೆ ಖಾತ್ರಿಯಾಯಿತು, ಭುಜನೋವು ನೆಪ, ಬೇಕಿದ್ದದ್ದು ಹುಡುಗನ ಕೆಲಸದ ಸುಳಿವು. ಜೊತೆಗೆ ಇನ್ನೊಂದು ವಿಷಯವೂ ಖಾತ್ರಿಯಾಯಿತು, ಅದನ್ನು ಬರೆಯಲು ನಾಚಿಕೆಯಿದೆ: ಆ ಬಾಯಿಗೆ ಬೇಕಾದ ಕೆಲಸವನ್ನೆಲ್ಲ ಮಾಡಿಕೊಟ್ಟವಳು ನಾನು. ಬಾಗಿಲು ಬಡಿದವಳು ನಾನು, ಚಹಾ ಕುಡಿದವಳು ನಾನು. ಯುದ್ಧದ ಹೊತ್ತಿನಲ್ಲಿ ಒಬ್ಬ ರಕ್ಷಣಾ ಎಂಜಿನಿಯರ್‌ನ ದಿನಚರಿಯನ್ನು ಹುಡುಕಿ, ಸರಿನೋಡಿ, ಕ್ರಮವಾಗಿ ಬರೆದಿಟ್ಟಿದ್ದೆ. ಇನ್ನೆರಡು ದಿನ ತಡವಾಗಿದ್ದರೆ ನನ್ನ ಸಹಿ ಹಾಕಿ ಕೊಟ್ಟಿರುತ್ತಿದ್ದೆ.

ಸುಮ್ಮನೆ ಪುಸ್ತಕ ಸುಟ್ಟು, ಏನೂ ಸಿಗಲಿಲ್ಲ ಎಂದು ಹುಡುಗಿಗೆ ಹೇಳಬಹುದಿತ್ತು. ಆಗ ಆ ಬಾಯಿ ಇನ್ನೊಬ್ಬ ಹುಡುಗಿಯ ಮುಂದೆ ಕುಳಿತು ಇನ್ನೊಂದು ಪಟ್ಟಿ ಬರೆಸುತ್ತಿದ್ದರು. ದೂರು ಕೊಟ್ಟರೆ ಹುಡುಗನ ನೌಕರಿಗೆ ಕುತ್ತು ಬರಬಹುದು, ಹುಡುಗಿಯ ಮದುವೆ ಮುರಿಯಬಹುದು. ನನ್ನ ಬಳಿ ಬಂದವರ ಗುಟ್ಟು ಹೊರಗೆ ಹೋಗುವುದಿಲ್ಲ ಎಂಬ ನನ್ನ ಮಾತೂ ಹೋಗುತ್ತದೆ. ಒಂದು ದಿನ ಪೂರ್ತಿ ಯೋಚಿಸಿದೆ. ಮರುದಿನ ಬೆಳಿಗ್ಗೆ ಪಟ್ಟಿ, ಟಿಪ್ಪಣಿ ಪುಸ್ತಕ ಎರಡನ್ನೂ ಚೀಲದಲ್ಲಿಟ್ಟುಕೊಂಡು ಪ್ರಯೋಗಾಲಯದ ಗೇಟಿಗೆ ಹೋದೆ.

ಗೇಟಿನವರು ಮದುವೆ ವಿಚಾರಣೆ ಎಂದು ಕೇಳಿ ನಕ್ಕರು. ನಗುವುದಾದರೆ ಕುಳಿತು ನಗಿ, ನಿಮ್ಮ ಭದ್ರತಾ ಅಧಿಕಾರಿ ಬರುವ ತನಕ ನಾನು ಏಳುವುದಿಲ್ಲ ಅಂದೆ. ಮಧ್ಯಾಹ್ನಕ್ಕೆ ಅಧಿಕಾರಿ ಬಂದರು. ತೆಲುಗಿನವರು, ನನ್ನೊಡನೆ ಹಿಂದಿಯಲ್ಲಿ ಮಾತಾಡಿದರು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನಾನು ಪುಸ್ತಕ ಓದಿ ಹೇಳುತ್ತಾ ಹೋದಂತೆ ಅವರ ಪೆನ್ನು ನಿಂತಿತು.

"ಅಮ್ಮಾ, ಇಷ್ಟನ್ನೂ ಆರು ದಿನದಲ್ಲಿ ನೀವೊಬ್ಬರೇ ಸಂಗ್ರಹಿಸಿದಿರಾ?"

"ನಾಲ್ಕೇ ದಿನ. ಎರಡು ದಿನ ಇಸ್ತ್ರಿಯವನು ಊರಲ್ಲಿರಲಿಲ್ಲ," ಅಂದೆ.

ಅದು ತಮಾಷೆಯ ಹೊತ್ತಾಗಿರಲಿಲ್ಲ. ಪುಸ್ತಕ ಹೋಯಿತು, ಫೋನು ಹೋಯಿತು. ಮೂರು ದಿನ ಬೆಳಿಗ್ಗೆಯಿಂದ ಸಂಜೆಯ ತನಕ ನನ್ನನ್ನೇ ವಿಚಾರಿಸಿದರು. ಪರದೇಶಕ್ಕೆ ಹೋಗಿದ್ದೀರಾ, ಈ ಕೆಲಸ ಯಾರು ಕಲಿಸಿದರು, ಇದಕ್ಕೂ ಮುಂಚೆ ಎಷ್ಟು ಎಂಜಿನಿಯರ್‌ಗಳ ವರದಿ ಬರೆದಿದ್ದೀರಿ. ಬೇರೆಯವರ ಮನೆಯ ಬಾಗಿಲು ಬಡಿದು ಬದುಕುವ ನನಗೆ ಬಾಗಿಲ ಒಳಗೆ ಕುಳಿತವರ ಪಾಡು ಏನೆಂದು ಆಗ ಗೊತ್ತಾಯಿತು. ಸಿಟ್ಟು ಬಂತು, ಆದರೆ ಅವರ ಜಾಗದಲ್ಲಿ ನಾನಿದ್ದರೂ ಇದನ್ನೇ ಕೇಳುತ್ತಿದ್ದೆ.

ಮೂರನೆಯ ದಿನ ಸಂಜೆ ಅಧಿಕಾರಿ ಚಹಾ ತರಿಸಿದರು. ನನ್ನ ಮಾತು ಅವರಿಗೆ ನಂಬಿಕೆಯಾಗಿತ್ತು. ಆ ನಾಲ್ಕು ದಿನ ಹುಡುಗ ಪ್ರಯೋಗಾಲಯದ ಕೆಲಸದಲ್ಲೇ ಇದ್ದ ಎಂದಷ್ಟೇ ಹೇಳಿದರು. ಆ ಬಾಯಿ ವರದಿಯನ್ನು ಯಾರಿಗೆ ಕಳಿಸುತ್ತಾರೆ ಎಂದು ತಿಳಿಯಬೇಕು, ಅದಕ್ಕೆ ನೀವು ಹುಡುಗಿಗೆ ಒಂದು ಸುಳ್ಳು ವರದಿ ಕೊಡಬೇಕು ಎಂದು ತಾವೇ ಬರೆದ ಒಂದು ಹಾಳೆ ಮುಂದಿಟ್ಟರು. ಓದಿದೆ. ಹೊರಡುವ ವೇಳೆ ಸುಳ್ಳು, ವಾಹನ ಸುಳ್ಳು, ಅದೆಲ್ಲ ಸರಿ. ಕಾಣೆಯಾದ ನಾಲ್ಕು ದಿನ ಹುಡುಗ ಎಲ್ಲಿದ್ದ ಎಂಬುದಕ್ಕೆ, ಜಹೀರಾಬಾದಿನಲ್ಲಿ ಇನ್ನೊಬ್ಬ ಹೆಂಗಸಿನ ಮನೆಯಲ್ಲಿದ್ದ ಎಂದು ಬರೆದಿದ್ದರು.

"ಇದಕ್ಕೆ ನಾನು ಸಹಿ ಹಾಕುವುದಿಲ್ಲ," ಅಂದೆ.

"ಹೀಗಿದ್ದರೆ ಮಾತ್ರ ಅವರು ನಂಬುತ್ತಾರೆ. ಯುದ್ಧ ನಡೆಯುತ್ತಿದೆ ಅಮ್ಮಾ. ಒಂದು ಮದುವೆಗಿಂತ ದೊಡ್ಡದು ಇದು. ಮುಗಿದ ಮೇಲೆ ನಿಜ ಹೇಳಿದರಾಯಿತು."

"ಮುಗಿಯುವುದು ಯಾವಾಗ? ಅಷ್ಟರಲ್ಲಿ ನಿಶ್ಚಯ ಮುರಿದಿರುತ್ತದೆ. ಇನ್ನೊಬ್ಬಳಿದ್ದಾಳೆ ಎಂದು ಒಮ್ಮೆ ಕೇಳಿದ ಹೆಣ್ಣಿನ ಮನಸ್ಸನ್ನು ಯಾವ ಸರ್ಕಾರವೂ ತೊಳೆದು ಕೊಡಲಾರದು. ಸಾಹೇಬರೆ, ಆ ಹುಡುಗ ನಾಲ್ಕು ದಿನ ನಿದ್ದೆಗೆಟ್ಟು ನಿಮ್ಮ ಕೆಲಸ ಮಾಡಿದ್ದಾನೆ. ಅವನ ಮಾನವನ್ನೇ ನೀವು ಬಲೆಗೆ ಕಟ್ಟಬೇಡಿ. ವೇಳೆಯ ಬಗ್ಗೆ ಸುಳ್ಳು ಬರೆಯುತ್ತೇನೆ, ವಾಹನದ ಬಗ್ಗೆ ಬರೆಯುತ್ತೇನೆ. ಆ ನಾಲ್ಕು ದಿನ ನಗರದಲ್ಲೇ ತರಬೇತಿಯಲ್ಲಿದ್ದ, ಪರೀಕ್ಷೆಯಲ್ಲಿ ನಪಾಸಾದದ್ದಕ್ಕೆ ನಾಚಿ ಸುಳ್ಳು ಹೇಳಿದ ಎಂದು ಬರೆಯುತ್ತೇನೆ. ಅದೂ ಹುಡುಗಿಗೆ ಗೊತ್ತಿದ್ದರೆ ಮಾತ್ರ."

"ಅವಳ ಮುಖದಲ್ಲಿ ತಿಳಿದುಬಿಡುತ್ತದೆ."

"ದಿನಕ್ಕೆ ಇಪ್ಪತ್ತು ಮಂದಿಯ ನೋವು ನೋಡಿ, ಏನೂ ಆಗಿಲ್ಲ, ನಾಳೆ ಕಡಿಮೆಯಾಗುತ್ತದೆ ಎಂದು ನಗುವುದೇ ಅವಳ ಕೆಲಸ," ಅಂದೆ.

ಅವರು ಒಳಗೆ ಹೋಗಿ ಯಾರೊಡನೆಯೋ ಒಂದು ತಾಸು ಮಾತಾಡಿ ಬಂದು, ಆಗಲಿ ಅಂದರು.

ಹುಡುಗಿಯನ್ನು ನನ್ನ ಕೋಣೆಗೇ ಕರೆಸಿದೆವು. ಅಧಿಕಾರಿ ಸಾದಾ ಬಟ್ಟೆಯಲ್ಲಿ ಬಂದು, ಎಷ್ಟು ಬೇಕೋ ಅಷ್ಟೇ ಹೇಳಿದರು. ಹುಡುಗನಿಗೂ ಹೇಳುವಂತಿಲ್ಲ ಅಂದರು. ಹುಡುಗಿ ಒಂದೇ ಮಾತು ಕೇಳಿದಳು, ಅದೂ ನನ್ನನ್ನು.

"ಅವನ ಜೀವಕ್ಕ ಏನರ ಐತೇನ್ರಿ ಅಕ್ಕಾರ?"

ನಾನು ಅಧಿಕಾರಿಯ ಮುಖ ನೋಡಿದೆ. ಅವರು ಇಲ್ಲ ಎಂದು ತಲೆಯಾಡಿಸಿದರು, ಆದರೆ ತಕ್ಷಣ ಆಡಿಸಲಿಲ್ಲ. ಹುಡುಗಿ ಅದನ್ನೂ ನೋಡಿದಳು.

ಮುಂದಿನ ಒಂಬತ್ತು ದಿನ ಅವಳು ಆ ಭುಜವನ್ನು ಒತ್ತಿದಳು. ಬಿಸಿ ಕೊಟ್ಟಳು, ಎಣ್ಣೆ ಹಚ್ಚಿದಳು, ಕೈ ಎತ್ರಿ, ಇಳಸ್ರಿ ಅಂದಳು. ಎರಡನೆಯ ದಿನ ನನ್ನ ವರದಿ ತೋರಿಸಿದಳು. ಇಂಥ ಸುಳ್ಳು ವರದಿಯನ್ನು ನಾನು ಬರೆದದ್ದು ಅದೇ ಮೊದಲು. ನಿಜದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಯಾಕೆಂದರೆ ಸುಳ್ಳಿನ ಪ್ರತಿ ಸಾಲಿಗೂ ಯಾರು ಹೇಳಿದರು ಎಂದು ಒಬ್ಬ ಮಾಲಕಿಯನ್ನೋ ಒಬ್ಬ ಇಸ್ತ್ರಿಯವನನ್ನೋ ಕಟ್ಟಬೇಕಾಯಿತು. ಆ ಬಾಯಿ ತನ್ನ ಮಗಳಿಗೆ ತೋರಿಸುತ್ತೇನೆಂದು ಫೋನಿನಲ್ಲಿ ಫೋಟೋ ತೆಗೆದುಕೊಂಡರಂತೆ. "ನಪಾಸಾದ್ರ ಆಗಲಿ ಬಿಡವ್ವ, ಹುಡುಗ ಛಲೋ ಅದಾನ," ಎಂದು ಇವಳ ಕೆನ್ನೆ ಸವರಿದರಂತೆ. ಅದನ್ನು ಹೇಳಿ ಹುಡುಗಿ ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಮೋಸಗಾರ್ತಿ ಎಂದು ತಿಳಿದ ಮೇಲೂ ಆ ಕೈ ತಾಯಿಯ ಕೈಯಂತೆಯೇ ಇತ್ತಲ್ಲ ಎಂಬುದು ಅವಳ ದುಃಖ.

ಹತ್ತನೆಯ ದಿನ ಬಾಯಿ ಬರಲಿಲ್ಲ. ಅಧಿಕಾರಿ ಫೋನು ಮಾಡಿ, ಆಯಿತು ಅಮ್ಮಾ, ಇನ್ನು ಆ ಬಗ್ಗೆ ಯೋಚಿಸಬೇಡಿ ಅಂದರು. ಆ ಬಾಯಿ ಯಾರು, ಎಲ್ಲಿಯವರು, ಅವರ ಹಿಂದೆ ಯಾರಿದ್ದರು, ಇವತ್ತಿಗೂ ನನಗೆ ತಿಳಿದಿಲ್ಲ. ಕೇಳಿ ತಿಳಿಯುವುದೇ ಕಸುಬಾದವಳಿಗೆ ಇದು ಸಣ್ಣ ಶಿಕ್ಷೆಯಲ್ಲ.

ಹುಡುಗನಿಗೆ ಕಚೇರಿಯವರೇ ವಿಷಯ ತಿಳಿಸಿದರು. ಮರುದಿನ ಅವನು ಕೋಠಿಗೆ ಬಂದ. ತೆಳ್ಳಗಿನ, ಕಣ್ಣ ಕೆಳಗೆ ಕಪ್ಪಿಟ್ಟ ಹುಡುಗ. ಹುಡುಗಿಯನ್ನೂ ಅವನೇ ಬರಹೇಳಿದ್ದ. ಒಂದು ಲೋಟ ನೀರು ಕುಡಿದು ಅವಳತ್ತ ತಿರುಗಿದ.

"ನನ್ನ ಬೆನ್ನ ಹಿಂದ ಮಂದಿ ಬಿಟ್ಟಿ. ನನ್ನ ಕೇಳಬೇಕಿತ್ತು."

"ಕೇಳಿದ್ದೆ. ಬೀದರಕ್ಕ ಹೋಗಿದ್ದೆ ಅಂದಿ. ಅವ್ವಗ ಆರಾಮಿಲ್ಲ ಅಂದಿ."

"ಮತ್ತೇನ ಹೇಳಬೇಕಿತ್ತು ನಾ?"

"ಅದ ನನಗೂ ತಿಳಿವಲ್ದು," ಅಂದಳು ಹುಡುಗಿ. "ಆದ್ರ ಅವ್ವನ ಮ್ಯಾಲ ಸುಳ್ಳ ಹೇಳಬಾರದಿತ್ತು."

ಇಂಥ ಹೊತ್ತಿನಲ್ಲಿ ನಾನು ಎದ್ದು ಹೊರಗೆ ಹೋಗುತ್ತೇನೆ. ಆವತ್ತು ಹೋಗಲಿಲ್ಲ, ಆ ಅನುಮಾನಕ್ಕೆ ಹನ್ನೊಂದು ಉತ್ತರ ತಂದು ಕೊಡಲು ಹೊರಟವಳು ನಾನೇ, ಅದರ ಕೊನೆಯನ್ನೂ ನಾನು ನೋಡಬೇಕಿತ್ತು. ಹುಡುಗ, "ಮುಂದನೂ ಹಿಂಗ ಆಗತೈತಿ. ಎಲ್ಲಿ ಹೋಗ್ತೀನಂತ ನಾ ಹೇಳಾಕ ಬರೂದಿಲ್ಲ. ಸುಳ್ಳಂತೂ ಇನ್ನ ಹೇಳೂದಿಲ್ಲ. ಕೇಳಬ್ಯಾಡ ಅಂತ ಒಂದ ಮಾತ ಕಳಸ್ತೀನಿ. ಅಷ್ಟರ ಮ್ಯಾಲ ಇರತೀಯೇನು?" ಅಂದ.

"ಇರತೀನಿ," ಅಂದಳು. ಆಮೇಲೆ, ಕೆಲಸದ ರೂಢಿಯೋ ಏನೋ, ಅವನ ಮಣಿಕಟ್ಟು ಹಿಡಿದು ಎರಡು ಸಲ ತಿರುಗಿಸಿ ನೋಡಿದಳು. ಕಸುಬಿನಲ್ಲಿ ಎಷ್ಟೋ ಮದುವೆ ಮುರಿಸಿದ್ದೇನೆ, ಎಷ್ಟೋ ಕೂಡಿಸಿದ್ದೇನೆ. ಇಷ್ಟು ಸಂತೋಷ ಯಾವುದರಲ್ಲೂ ಆಗಿರಲಿಲ್ಲ.

ನಿಶ್ಚಯ ತಾರ್ನಾಕದ ಹುಡುಗಿಯ ಮನೆಯಲ್ಲಿ, ಬೆಳಿಗ್ಗೆ ಹತ್ತಕ್ಕೆ. ನಡುವೆ ತಣ್ಣಗಾಗಿದ್ದ ಗಡಿಯಲ್ಲಿ ಎರಡು ದಿನದ ಹಿಂದೆ ಮತ್ತೆ ಗುಂಡು ಹಾರಿದ ಸುದ್ದಿ ಬಂದಿತ್ತು. ನನಗೂ ಕರೆಯಿತ್ತು. ಹುಡುಗಿ ತಾನು ವಿಚಾರಣೆ ಮಾಡಿಸಿದ್ದನ್ನೂ ವರದಿ ಚೆನ್ನಾಗಿ ಬಂದಿದ್ದನ್ನೂ ಮನೆಯಲ್ಲಿ ಹೇಳಿದ್ದಳು, ಉಳಿದದ್ದನ್ನು ಹೇಳಿರಲಿಲ್ಲ. ಬೀದರಿನಿಂದ ಹುಡುಗನ ತಾಯಿ, ಬಳಗದವರು ಬಂದು ಜಮಖಾನೆಯ ಮೇಲೆ ಕುಳಿತಿದ್ದರು. ಹತ್ತಾಯಿತು, ಹನ್ನೊಂದಾಯಿತು, ಹುಡುಗ ಬರಲಿಲ್ಲ. ಫೋನು ಬಂದ್ ಆಗಿತ್ತು. ಹುಡುಗಿಯ ಅಪ್ಪ ಬಾಗಿಲಿಗೂ ಗೇಟಿಗೂ ತಿರುಗತೊಡಗಿದರು. ದೊಡ್ಡಪ್ಪ, ಮನೆಗೆ ಹಿರಿಯರು, ದನಿ ಏರಿಸಿದರು.

"ನಿಶ್ಚೇದ ದಿನ ಬರದಾವ ಮದವಿ ದಿನ ಬರತಾನೇನು? ಎಲ್ಲಿ ಹೋಗ್ಯಾನ ಅಂವ?"

ಹಸಿರು ಇಳಕಲ್ ಸೀರೆಯುಟ್ಟ ಹುಡುಗಿ ಒಳಮನೆಯಿಂದ ಬಂದು ನಿಂತಳು. ಕೈಯಲ್ಲಿ ಫೋನಿತ್ತು. ನಾನು ಅವಳನ್ನೇ ನೋಡಿದೆ. ಕಳಿಸುತ್ತೇನೆ ಅಂದಿದ್ದ ಆ ಒಂದು ಮಾತು ಬಂದಿದೆ ಎಂದು ನನಗೆ ತಿಳಿಯಿತು.

"ಅವರಿಗೆ ಜ್ವರ ಬಂದಾವ್ರಿ ದೊಡ್ಡಪ್ಪ," ಅಂದಳು. "ರಾತ್ರಿಯಿಂದ ಭಾಳ ಐತಿ. ಡಾಕ್ಟರು ಏಳಬ್ಯಾಡ ಅಂದಾರ. ನಿಶ್ಚೇ ನಿಲ್ಲಸಬ್ಯಾಡ್ರಿ ಅಂತ ಹೇಳ್ಯಾರ."

ದನಿ ನಡುಗಲಿಲ್ಲ. ದೊಡ್ಡಪ್ಪ ನಂಬಿದವರಂತೆ ಕಾಣಲಿಲ್ಲ. ಅವರು ಜಮಖಾನೆಯ ಈ ತುದಿಗೆ, ನನ್ನತ್ತ ತಿರುಗಿದರು.

"ಬಾಯಾರ, ನೀವು ವಿಚಾರಿಸಿದವರು. ನಿಮ್ಮ ಮಾತಿನ ಮ್ಯಾಲ ಈ ಊರಾಗ ಎಷ್ಟ ಮನಿ ನಿಂತಾವ. ಹೇಳ್ರಿ, ಖರೇ ಏನು?"

ಮನೆಯೆಲ್ಲ ನನ್ನ ಕಡೆ ನೋಡಿತು. ಹೆಣ್ಣಿನ ಕಡೆಯ ಹಿರಿಯರು ಮುಖಾಮುಖಿ ಕೇಳಿದ ಪ್ರಶ್ನೆಗೆ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ. ನನ್ನ ಅನ್ನ, ನನ್ನ ಹೆಸರು ಎರಡೂ ಅದರ ಮೇಲಿವೆ. ಹುಡುಗಿ ನನ್ನ ಕಡೆ ನೋಡಲಿಲ್ಲ. ನನ್ನನ್ನು ಯಾವುದಕ್ಕೂ ಬೇಡಲಿಲ್ಲ. ಬೇಡಿದ್ದರೆ ಪ್ರಾಯಶಃ ಹಿಂಜರಿಯುತ್ತಿದ್ದೆ.

"ಖರೇ ಐತ್ರಿ," ಅಂದೆ. "ಮುಂಜಾನೆ ನಾನ ಹೋಗಿ ನೋಡಿ ಬಂದೀನಿ. ಎದ್ದು ಕೂಡೂ ಹಂಗಿಲ್ಲ."

ದೊಡ್ಡಪ್ಪ ಉಸಿರು ಬಿಟ್ಟು, ಹಂಗಾರ ನಡೀಲಿ ಎಂದು ಗೋಡೆಗೆ ಒರಗಿದರು. ಹುಡುಗನ ತಾಯಿ ಎದ್ದರು. ಮೊದಲೆಲ್ಲ ವರ ಎಲ್ಲಿ ಬರುತ್ತಿದ್ದ, ಹಿರಿಯರೇ ಉಡಿ ತುಂಬಿ ಹೋಗುತ್ತಿದ್ದರಲ್ಲವೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿದರು. ಸೆರಗು ಹಿಡಿಸಿ ಕುಪ್ಪಸದ ಬಟ್ಟೆ, ತೆಂಗಿನಕಾಯಿ ಇಟ್ಟು, ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡರು. ನಾನು ಹತ್ತಿರವೇ ತಟ್ಟೆ ಹಿಡಿದು ನಿಂತಿದ್ದೆ. ಅಕ್ಕಿ ಸುರಿಯುತ್ತಾ ತಾಯಿ ತಲೆ ತಗ್ಗಿಸಿ, ನಮ್ಮಿಬ್ಬರಿಗಷ್ಟೇ ಕೇಳುವಂತೆ ಕೇಳಿದರು.

"ಜ್ವರ ಅಲ್ಲಲ್ಲವ್ವ?"

ಹುಡುಗಿ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟಳು. "ಜ್ವರಾನ ರೀ ಅತ್ತಿ," ಅಂದಳು. "ಅಂಜಬ್ಯಾಡ್ರಿ. ಬರ್ತಾರ."

ತಾಯಿಯ ಬೊಗಸೆ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಅವರು ಉಳಿದ ಅಕ್ಕಿಯನ್ನೂ ಅವಳ ಉಡಿಗೆ ಸುರಿದರು.